ಸಡಿಲ ಕಡ್ಡಿಯೇ ಮುರಿಯುತ್ತದೆ

ತಮ್ಮಾ,

ಉಗಾದಿಗೆ ಬಗದಲ್‌ಗೆ ಬಂದಾಗ ನಿನ್ನ ಕಾರ್ಬನ್ ಗಾಲಿಗಳನ್ನು ಕೌದಿಯಲ್ಲಿ ಸುತ್ತಿಕೊಂಡು ಬಂದಿದ್ದಿ. ಹೊರಸಿನ ಮೇಲೆ ಕೂತು ಹಿಂದಿನ ಗಾಲಿ ತಿರುಗಿಸಿ, "ನೋಡು ಕಾಕಾ, ಕೂದಲೆಳೆಯಷ್ಟೂ ಅಲುಗಲ್ಲ" ಅಂದಿ. ನಿಜ, ಅಲುಗಲಿಲ್ಲ. ನಾನು ಎಡಬದಿಯ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿದೆ. ಹನ್ನೊಂದು 'ಟಿಣ್' ಅಂದವು, ಒಂದು 'ಡಬ್' ಅಂತು. "ಇದನ್ನ ಬಿಗಿ ಮಾಡಿಸು" ಅಂದೆ. ನೀನು ಹ್ಞೂಂ ಅಂದಿ, ಕಣ್ಣು ಮಾತ್ರ ಮೊಬೈಲ್ ಮೇಲಿತ್ತು. ಮೊನ್ನೆ ಫೋನ್ ಮಾಡಿ, "ಕಡ್ಡಿ ಮುರೀತು ಕಾಕಾ, ಬಿಗಿ ಜಾಸ್ತಿ ಆಗಿತ್ತೇನೋ" ಅಂದಿ. ಫೋನಿನಲ್ಲಿ ಬೈದದ್ದು ಸಾಕಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಿಗಿ ಕಡ್ಡಿ ಮುರಿಯುವುದು ಅಪರೂಪ, ತಮ್ಮಾ. ಸಡಿಲ ಕಡ್ಡಿಯೇ ಮುರಿಯುತ್ತದೆ. ಎತ್ತಿನ ಬಂಡಿಯ ಗಾಲಿಯಲ್ಲಿ ಮರದ ಅರಗಳು ಕೆಳಗೆ ನಿಂತು ಭಾರ ಹೊರುತ್ತವೆ. ಸೈಕಲ್‌ನ ಸಪೂರ ತಂತಿಗೆ ಹೊರುವುದು ಗೊತ್ತಿಲ್ಲ, ಎಳೆಯುವುದಷ್ಟೇ ಗೊತ್ತು. 1870ರ ಸುಮಾರಿಗೆ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ ಇಂಥ ಬಿಗಿದ ತಂತಿಯ ಗಾಲಿಗಳ ಸೈಕಲ್ ಮಾಡಿದ. ನಿನ್ನ ಗಾಲಿಯೂ ಅದೇ ವಂಶದ್ದು. ಬಿಗಿ ಬದಿಯ ಒಂದೊಂದು ಕಡ್ಡಿಯ ಮೇಲೂ 100ರಿಂದ 120 ಕೆ.ಜಿ.ಯಷ್ಟು ಎಳೆತ ಇರುತ್ತದೆ; ಒಂದು ಕ್ವಿಂಟಲ್ ಜೋಳದ ಚೀಲ ನೇತುಹಾಕಿದ ಹಾಗೆ. ಹಿಂದಿನ ಗಾಲಿಯಲ್ಲಿ ಗೇರುಗಳು ಬಲಕ್ಕಿರುವುದರಿಂದ ಬಲಬದಿ ಹೆಚ್ಚು ಬಿಗಿ, ಎಡಬದಿಗೆ ಹೆಚ್ಚುಕಡಿಮೆ ಅದರ ಅರ್ಧ. ಹಾಗಾಗಿ ಸಡಿಲವೂ ಎಡಬದಿಯಲ್ಲೇ ಮೊದಲು ಶುರುವಾಗುತ್ತದೆ.

ಗಾಲಿ ಉರುಳುವಾಗ ನೆಲದ ಹತ್ತಿರ ಬಂದ ಕಡ್ಡಿಯ ಎಳೆತ ಕೊಂಚ ಇಳಿದು, ಮೇಲೇರುತ್ತ ಮತ್ತೆ ಕೂಡಿಕೊಳ್ಳುತ್ತದೆ. ಒಂದು ಕಿಲೋಮೀಟರಿಗೆ ಸುಮಾರು 470 ಸಲ. ಬಿಗಿ ಇದ್ದ ಕಡ್ಡಿಗೆ ಈ ಏರಿಳಿತ ಲೆಕ್ಕಕ್ಕಿಲ್ಲ. ಸಡಿಲ ಇದ್ದದ್ದು ಮಾತ್ರ ಪ್ರತಿ ಸುತ್ತಿಗೂ ಪೂರ್ತಿ ಸೊರಗಿ, ಮರುಕ್ಷಣ ಎಳೆಸಿಕೊಂಡು, ಹಬ್‌ನ ಹತ್ತಿರ ದಣಿದು ತುಂಡಾಗುತ್ತದೆ. ಹೊಲದ ಬೇಲಿ ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ.

ನಮ್ಮ ಕಿರಾಯಿ ಸೈಕಲ್ ಅಂಗಡಿಯ 28 ಇಂಚಿನ ಗಾಲಿಗಳಿಗೆ ಮುಂದೆ 32, ಹಿಂದೆ 40 ಕಡ್ಡಿ. ರಿಮ್ ಉಕ್ಕಿನದು. ಎರಡು ಕಡ್ಡಿ ಸಡಿಲಾದರೆ ಸಾಕು, ಕುಡಿದವನ ಹಾಗೆ ತೂಗಾಡಿ ಬ್ರೇಕಿಗೆ ಉಜ್ಜುತ್ತಿತ್ತು. ಗಿರಾಕಿ ತಾನೇ ಬಂದು "ಬೆಂಡ್ ತೆಗೀರಿ" ಅನ್ನುತ್ತಿದ್ದ. ಬಡ ಗಾಲಿ ತನ್ನ ನೋವು ಹೇಳಿಕೊಳ್ಳುತ್ತಿತ್ತು. ನಿನ್ನ 50 ಮಿ.ಮೀ. ಆಳದ ಕಾರ್ಬನ್ ರಿಮ್ ಅಚ್ಚಿನಲ್ಲೇ ದುಂಡಗೆ ಹುಟ್ಟಿದ್ದು, ಬಲು ಗಡಸು. ಒಂದು ಕಡ್ಡಿ ಸೊರಗಿದರೂ ಅದು ಹೊರಗೆ ತೋರಿಸಿಕೊಳ್ಳುವುದಿಲ್ಲ, ಮನೆಯ ಗುಟ್ಟು ಬಿಡದ ಹಿರಿಸೊಸೆಯ ಹಾಗೆ. ಅಕ್ಕಪಕ್ಕದ ಕಡ್ಡಿಗಳು ಅದರ ಪಾಲನ್ನೂ ಎಳೆಯುತ್ತಿರುತ್ತವೆ, ನೀನು ನೋಡಿ "ನೇರ ಇದೆ" ಅನ್ನುತ್ತಿರುತ್ತಿ. ಕಾರ್ಬನ್ ಗಾಲಿಯ ನೇರವನ್ನು ಕಣ್ಣು ಅರ್ಧ ಹೇಳುತ್ತದೆ, ಉಳಿದರ್ಧವನ್ನು ಕಿವಿ ಹೇಳಬೇಕು.

ಆದ್ದರಿಂದ ತಿಂಗಳಿಗೊಮ್ಮೆ ಮೀಟು. ಒಂದು ಬದಿಯ ಕಡ್ಡಿಗಳನ್ನು ಅದೇ ಬದಿಯವುಗಳ ಜೊತೆ ಹೋಲಿಸು. ಎಡ ಬಲದ ಸ್ವರ ಬೇರೆ ಇರುವುದು ಸಹಜ. ರಿಮ್ ಬಲಕ್ಕೆ ವಾಲಿದೆ ಅಂತಿಟ್ಟುಕೋ. ಅಲ್ಲಿ ಬಲಬದಿಯ ಕಡ್ಡಿ ಅತಿ ಬಿಗಿಯಾಗಿರಬೇಕು, ಇಲ್ಲವೇ ಎಡಬದಿಯದು ಸಡಿಲಾಗಿರಬೇಕು. ಮೀಟಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ನೋಡದೆ ಬಿಗಿ ಮಾಡುವವನು ಒಂದು ತಪ್ಪಿನ ಮೇಲೆ ಇನ್ನೊಂದನ್ನು ಹೇರುತ್ತಾನೆ. ಕಡ್ಡಿಯ ತುದಿಯಲ್ಲಿ ಬಿಗಿ ಕೊಡುವ ನಿಪ್ಪಲ್ಲನ್ನು ಒಂದು ಸಲಕ್ಕೆ ಕಾಲು ಸುತ್ತು ತಿರುಗಿಸು, ಹೆಚ್ಚು ಬೇಡ. ನಿನ್ನ ಕಡ್ಡಿಗಳು ಚಪ್ಪಟೆ. ಹಿಡಿದುಕೊಳ್ಳದೆ ತಿರುಗಿಸಿದರೆ ಕಡ್ಡಿಯೇ ತಿರುಚಿಕೊಳ್ಳುತ್ತದೆ. ನಿಪ್ಪಲ್‌ಗಳು ರಿಮ್ಮಿನೊಳಗೆ ಅಡಗಿವೆ, ಅಲ್ಲಿಗೆ ಪಾನಾ ಹೋಗಬೇಕಾದರೆ ಟಾಯರ್ ಬಿಚ್ಚಬೇಕು. ಬೇಸರ ಅಂತ ಮುಂದೂಡಿದ ಫಲ ಈಗ ಕಂಡಿದ್ದಿ. ಇನ್ನೊಂದು: ಡಿಸ್ಕ್ ಬ್ರೇಕಿನ ಗಾಲಿ ಅರ್ಧ ಮಿಲಿಮೀಟರ್ ಒಳಗೆ ಓಲಾಡಿದರೆ ತಲೆ ಕೆಡಿಸಿಕೊಳ್ಳಬೇಡ. ಆ ಕೂದಲೆಳೆ ತೆಗೆಯಲು ಹೋಗಿ ಎಳೆತ ಏರುಪೇರು ಮಾಡಿಕೊಂಡವರನ್ನು ಬಹಳ ನೋಡಿದ್ದೇನೆ.

ಬೀದರ್ ರಸ್ತೆಯಲ್ಲಿ ಈ ಗಾಲಿ ಒರಟು, ಮೈಕೈ ನೋಯುತ್ತದೆ ಅಂದಿದ್ದಿ. ಗಾಲಿಯನ್ನು ಬೈಯಬೇಡ, ಹವಾ ನೋಡು. ಉಕ್ಕಿನದಿರಲಿ, ಕಾರ್ಬನ್ನಿನದಿರಲಿ, ರಿಮ್ಮು ಕಡ್ಡಿ ಸೇರಿ ಮೇಲೆ ಕೆಳಗೆ ಮಣಿಯುವುದು ಮಿಲಿಮೀಟರಿನ ಒಂದು ಚೂರು. ಟಾಯರ್ ಮಣಿಯುವುದು ಅದರ ಎಷ್ಟೋ ಪಟ್ಟು. ನೀನು 100 ಪಿಎಸ್‌ಐ ತುಂಬಿಸಿ ಕಲ್ಲಿನ ಮೇಲೆ ಕೂತು ಹೊಡೆದಿ. ನಿನ್ನ 65 ಕೆ.ಜಿ. ತೂಕಕ್ಕೆ, 28 ಮಿ.ಮೀ. ಟಾಯರಿಗೆ, 70ರ ಕೆಳಗಿನಿಂದ ಶುರುಮಾಡು. ಮುಂದಿನದಕ್ಕೆ ಇನ್ನೂ ಸ್ವಲ್ಪ ಕಡಿಮೆ. ತೀರ ಇಳಿಸಿದರೆ ಗುಂಡಿಯಲ್ಲಿ ರಿಮ್ ನೆಲಕ್ಕೆ ಬಡಿಯುತ್ತದೆ, ಅದೂ ನೆನಪಿರಲಿ. ಟಾಯರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದ ರಿಮ್ ಆಗಿದ್ದರೆ 5 ಬಾರ್, ಅಂದರೆ 72.5 ಪಿಎಸ್‌ಐ ದಾಟಲೇಬಾರದು. ಟಾಯರ್ ಕಳಚಿ ಹಾರೀತು. ರಿಮ್ಮಿನ ಮೇಲೊಂದು ಅಂಕಿ, ಟಾಯರ್ ಮೇಲೊಂದು ಅಂಕಿ ಇದ್ದರೆ ಸಣ್ಣದೇ ನಿನ್ನ ಮಿತಿ.

ಗುಂಡಿಗೆ ಬಿದ್ದ ಉಕ್ಕಿನ ರಿಮ್ಮನ್ನು ನಾವು ಸುತ್ತಿಗೆಯಲ್ಲಿ ಬಡಿದು ದಾರಿಗೆ ತರುತ್ತಿದ್ದೆವು. ಕಾರ್ಬನ್ ಬಾಗುವುದಿಲ್ಲ, ಸೀಳುತ್ತದೆ. ಜೋರಾಗಿ ಬಡಿದ ದಿನ ಮನೆಗೆ ಬಂದು ರಿಮ್ಮಿನ ಸುತ್ತ ನಾಣ್ಯದಿಂದ ತಟ್ಟು. ನಿನ್ನ ಅಜ್ಜಿ ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳುತ್ತಿದ್ದಳಲ್ಲ, ಅದೇ ವಿದ್ಯೆ. ಒಂದು ಕಡೆ ಸ್ವರ ಮಂಕಾದರೆ ಒಳಗೆ ಪದರ ಬಿಟ್ಟಿರಬಹುದು. ಆ ಗಾಲಿ ಹತ್ತಬೇಡ, ತಿಳಿದವರಿಗೆ ತೋರಿಸು.

ಆಷಾಢದ ಗಾಳಿಗೂ ಹೆದರು. ನಮ್ಮದು ಬಯಲು ಸೀಮೆ, ತಡೆಯಲು ಗುಡ್ಡವಿಲ್ಲ. ಆಳದ ರಿಮ್ ಅಡ್ಡಗಾಳಿಗೆ ಹಾಯಿಯಂತೆ ಒಡ್ಡಿಕೊಂಡು ಹ್ಯಾಂಡಲ್ ಎಳೆಯುತ್ತದೆ. ಲಾರಿ ಪಕ್ಕದಲ್ಲಿ ಹಾದಾಗ ಎರಡೂ ಕೈ ಹ್ಯಾಂಡಲ್ ಮೇಲಿರಲಿ. ಅಂಥ ದಿನ ಮುಂದೆ ಗಿಡ್ಡ ರಿಮ್ಮಿನ ಹಳೆ ಗಾಲಿ ಹಾಕಿಕೊಂಡರೆ ಮರ್ಯಾದೆ ಹೋಗುವುದಿಲ್ಲ.

1984ರಲ್ಲಿ ಇಟಲಿಯ ಸೈಕಲ್ ಸವಾರ ಫ್ರಾನ್ಸೆಸ್ಕೊ ಮೋಸರ್ ಮೆಕ್ಸಿಕೋದಲ್ಲಿ ತಟ್ಟೆಯಂಥ ಮುಚ್ಚುಗಾಲಿಗಳ ಮೇಲೆ ಒಂದು ಗಂಟೆಯಲ್ಲಿ 51.151 ಕಿ.ಮೀ. ಓಡಿಸಿದ. ಗಾಳಿ ಸೀಳುವ ಗಾಲಿಗೆ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಸವಾರಿಯಲ್ಲಿ ಗಾಳಿಯ ತಡೆಯ ಮುಕ್ಕಾಲು ಪಾಲು ಸವಾರನ ಮೈಯದೇ. ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದದ್ದು ಮೊದಲು ಬೆನ್ನು ಬಗ್ಗಿಸಿ, ಆಮೇಲೆ ಗಾಲಿ ಬದಲಿಸಿ.

ಹೊಸ ಕಡ್ಡಿ ಹಾಕಿಸಿದ ಮೇಲೆ ನೂರಿನ್ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಮೀಟು, ಹೊಸದು ಕೂತುಕೊಳ್ಳುವಾಗ ಕೊಂಚ ಸಡಿಲಾಗುತ್ತದೆ. ಅದರ ಅಕ್ಕಪಕ್ಕದವನ್ನೂ ಕೇಳು. ಉಗಾದಿಯಿಂದ ಈಚೆಗೆ ಮುರಿದದ್ದರ ಪಾಲು ಎಳೆದದ್ದು ಅವೇ.

ಪಂಚಮಿಗೆ ಬರುವಾಗ ಗಾಲಿ ತಗೊಂಡು ಬಾ. ಈ ಸಲ ನಾನು ತಿರುಗಿಸುತ್ತೇನೆ, ನೀನು ಮೀಟು. ನನ್ನ ಬಲಗಿವಿ ಈಗೀಗ ಮಂದ. 'ಡಬ್' ಅಂದದ್ದು ಯಾವುದು ಅಂತ ನೀನೇ ಹೇಳಬೇಕು.

ನಿನ್ನ ಕಾಕಾ