‘ಅಕಾ’ ಎಂದರೆ ಬ್ರದರ್ ಅಲ್ಲ

ಇಂಗ್ಲಿಷಿನ ಮೂಲಕ ಉಜ್ಬೆಕ್ ಕಲಿಯಹೊರಡುವ ಕನ್ನಡಿಗರು ದಿನಬಳಕೆಯ ಪದಪಟ್ಟಿಯನ್ನು ಸುಲಭವಾಗಿ ನಂಬಬಾರದು ಎಂಬುದು ನಾನು ಕಲಿತ ಪಾಠ. ಪಟ್ಟಿಯಲ್ಲಿ ‘ಅಕಾ’ ಎದುರಿಗೂ ಬ್ರದರ್, ‘ಉಕಾ’ ಎದುರಿಗೂ ಬ್ರದರ್. ತಂದೆಯ ಸಹೋದರ ‘ಅಮಾಕಿ’, ತಾಯಿಯ ಸಹೋದರ ‘ತೊಗಾ’, ಇಬ್ಬರೂ ಅಂಕಲ್. ಅಣ್ಣ ತಮ್ಮ, ಚಿಕ್ಕಪ್ಪ ಸೋದರಮಾವ ಎಂದು ಹುಟ್ಟಿನಿಂದ ಬೇರ್ಪಡಿಸಿ ಕರೆದವರು, ಅಷ್ಟೇ ಬೇರ್ಪಡಿಸುವ ಇನ್ನೊಂದು ನುಡಿಯನ್ನು, ಬೇರ್ಪಡಿಸದ ಮೂರನೆಯದರ ಮೂಲಕ ಕಲಿಯುತ್ತೇವೆ. ಬಜಾರಿನಲ್ಲಿ ಅಪರಿಚಿತ ಹಿರಿಯನನ್ನು ಕೂಗುವುದೂ ‘ಅಕಾ’ ಎಂದೇ. ನಮ್ಮ ‘ಅಣ್ಣಾ’ ಅಲ್ಲಿ ಸರಿಯಾಗಿ ಕೂರುತ್ತದೆ. ಇಂಥ ಹೋಲಿಕೆ ಆ ನುಡಿಗೆ ಹೊಸದೇನಲ್ಲ. ಉಜ್ಬೆಕ್‌ನ ಪೂರ್ವರೂಪವಾದ ಚಗತಾಯಿಯ ಮಹಾಕವಿ ಅಲಿಶೇರ್ ನವಾಯಿ 1499ರಲ್ಲಿ ತುರ್ಕಿ ಮತ್ತು ಪಾರ್ಸಿಗಳನ್ನು ತೂಗಿನೋಡಲೆಂದೇ ಒಂದು ಗ್ರಂಥ ಬರೆದ. ಪಾರ್ಸಿಯಲ್ಲಿ ಸಾಟಿಯಿಲ್ಲದ ನೂರು ತುರ್ಕಿ ಕ್ರಿಯಾಪದಗಳನ್ನು ಪಟ್ಟಿಮಾಡಿದ; ಅಳುವಿನ ಬಗೆಗಳನ್ನೇ ಬಿಡಿಸಿ ತೋರಿಸಿದ.

ಇಂಗ್ಲಿಷಿನಲ್ಲೂ ‘ಎಲ್ಡರ್ ಬ್ರದರ್’ ಎನ್ನಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಲ್ಲಿ ಹಿರಿತನ ಹೇಳಬೇಕೆನಿಸಿದಾಗ ಹೇಳುವ ಸಂಗತಿ. ಉಜ್ಬೆಕ್‌ನಲ್ಲಿ ಹೇಳದೆ ಬಾಯಿ ತೆರೆಯುವುದೇ ಕಷ್ಟ. ಇದರಿಂದ ಉಜ್ಬೆಕರಿಗೆ ಬಂಧುಪ್ರೀತಿ ಹೆಚ್ಚು ಎಂದು ತೀರ್ಮಾನಿಸುವವರನ್ನು ಮಾತ್ರ ನಾನು ಒಪ್ಪಲಾರೆ. ಅದೇ ಭಾಷೆಯಲ್ಲಿ ಅವನು, ಅವಳು, ಅದು ಮೂರಕ್ಕೂ ‘ಉ’ ಎಂಬ ಒಂದೇ ಸರ್ವನಾಮ. ಹಾಗೆಂದು ಅಲ್ಲಿ ಹೆಣ್ಣು ಗಂಡಿನ ಭೇದ ಅಳಿದಿದೆಯೆ? ಮದುವಣಗಿತ್ತಿಗೂ ಸೊಸೆಗೂ ಇರುವ ‘ಕೆಲಿನ್’ ಎಂಬ ಪದ ಹೊತ್ತಿರುವ ಮನೆಗೆಲಸದ, ವಿಧೇಯತೆಯ ನಿರೀಕ್ಷೆಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಪದಕೋಶ ಹೇಳುವುದು ಜನ ಏನನ್ನು ಗುರುತಿಸಿ ಮಾತಾಡಬೇಕು ಎಂಬುದನ್ನು, ಅವರ ಮನಸ್ಸನ್ನಲ್ಲ.

ಹಾಗಾದರೆ ಇಂಗ್ಲಿಷನ್ನು ಬಿಟ್ಟು ಕನ್ನಡದಿಂದಲೇ ನೇರ ದಾಟಬಹುದೆ? ಎಲ್ಲೆಡೆ ಆಗದು. ‘ಸೆನ್’, ‘ಸಿಜ್’ ಎಂಬುವು ನಮ್ಮ ನೀನು, ನೀವುಗಳಿಗೆ ಹೊಂದುತ್ತವೆ; ಇಂಗ್ಲಿಷಿನ ಯೂ ಎರಡನ್ನೂ ನುಂಗಿಬಿಡುತ್ತದೆ. ಆದರೆ ನಾವು ತಂದೆಯ ತಂಗಿಯನ್ನೂ ಗಂಡನ ತಾಯಿಯನ್ನೂ ಅತ್ತೆ ಎಂದೇ ಕರೆಯುತ್ತೇವೆ. ಸೋದರಸಂಬಂಧದ ಮದುವೆಯ ರೂಢಿ ಆ ಪದದಲ್ಲಿದೆ. ಅವರಿಗೆ ಮೊದಲನೆಯವಳು ‘ಅಮ್ಮಾ’, ಎರಡನೆಯವಳು ‘ಕಯ್ನೊನಾ’. ಕಿವಿಗೆ ಪರಿಚಿತವಾದ ಪದಗಳಲ್ಲಿ ಇನ್ನೂ ಎಚ್ಚರ ಬೇಕು. ಅರಬ್ಬಿ, ಪಾರ್ಸಿಗಳ ದಾರಿಯಲ್ಲಿ ಎರಡೂ ಕಡೆಗೆ ಬಂದ ಮಾತುಗಳು ಬೇರೆಬೇರೆ ಬದುಕು ಕಂಡಿವೆ: ನಮಗೆ ದಫ್ತರ ಸರ್ಕಾರಿ ಕಡತ, ಅವರಿಗೆ ‘ದಫ್ತರ್’ ಶಾಲೆಯ ಮಗುವಿನ ನೋಟ್‌ಬುಕ್; ನಮ್ಮ ತಕರಾರು ಜಗಳ, ಅವರ ‘ತಕ್ರೋರ್’ ಬರಿಯ ಪುನರಾವರ್ತನೆ.