ವಸಡಿನಲ್ಲಿ ರಕ್ತ ಬಂದ್ರೆ ಬ್ರಷ್ಷನ್ನ ಬೈಬೇಡಿ

ಹಲ್ಲುಜ್ಜುವಾಗ ರಕ್ತ ಕಂಡರೆ ನಾವು ಬ್ರಷ್ ಬದಲಾಯಿಸ್ತೀವಿ. ಆದರೆ ಬಹಳ ಸಲ ಅದಕ್ಕೆ ಕಾರಣ ವಸಡಿನಂಚಿನಲ್ಲಿ ಕೂತಿರೋ ಪ್ಲಾಕ್.

ಪ್ಲಾಕ್ ಅಂದರೆ ಊಟದ ಚೂರಲ್ಲ. ಬ್ಯಾಕ್ಟೀರಿಯಾಗಳು ತಾವೇ ತಯಾರಿಸಿದ ಅಂಟಿನೊಳಗೆ ಕಟ್ಟಿಕೊಂಡ ಪದರ, ಅಂದರೆ ಬಯೋಫಿಲ್ಮ್. ನೀರಿನ ಟ್ಯಾಂಕಿನ ಒಳಗೋಡೆ ಮುಟ್ಟಿದ್ರೆ ಜಾರುತ್ತಲ್ಲ, ಅದೇ ಜಾತಿ. ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನ ಹಲ್ಲಿನ ಬಿಳಿ ಪದರವನ್ನು ಕೆರೆದು, ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಿಗಳು ಓಡಾಡ್ತಿದ್ದವು! 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ವಿನೆಗರ್ ಮುಕ್ಕಳಿಸಿಯೂ ನೋಡಿದ (ನಿಜವಾದ ಎಂಜಿನಿಯರ್!). ಪದರದೊಳಗಿದ್ದವು ಸಾಯಲಿಲ್ಲ. ಮೌತ್‌ವಾಶ್ ಒಂದೇ ಸಾಲದು, ಉಜ್ಜಲೇಬೇಕು ಅನ್ನೋದು ಇದಕ್ಕೇ. ಅದೂ ರಾತ್ರಿ, ಯಾಕಂದ್ರೆ ನಿದ್ದೆಯಲ್ಲಿ ಬಾಯಿ ತೊಳೆಯೋ ಜೊಲ್ಲು ಕಡಿಮೆಯಾಗುತ್ತೆ.

ಬಿಟ್ಟರೆ ಪ್ಲಾಕ್ ಜೊಲ್ಲಿನ ಕ್ಯಾಲ್ಸಿಯಂ ಸೇರಿ ಕಲ್ಲಾಗುತ್ತೆ. ಆಮೇಲೆ ಡೆಂಟಿಸ್ಟ್ ಹತ್ತಿರ ಸ್ಕೇಲಿಂಗೇ ಗತಿ. ಊದಿದ ವಸಡಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೂ ಇಳಿಯುತ್ತವೆ. ಹೆಚ್ಚಿನವರಲ್ಲಿ ದೇಹವೇ ಅವನ್ನು ಬೇಗ ಮುಗಿಸುತ್ತೆ. ಆದರೆ ಮುಖ್ಯವಾಗಿ ಹೃದಯದ ಕವಾಟ ಮೊದಲೇ ಕೆಟ್ಟವರಲ್ಲಿ ಅಲ್ಲೇ ಬೀಡುಬಿಟ್ಟು ಪ್ರಾಣಕ್ಕೇ ಕುತ್ತು ತರಬಹುದು.

ನಮ್ಮ ಮನೆಗಳಿಗೆ ಹತ್ತಿರದ ವಿಷಯ ಅಂದ್ರೆ ಶುಗರ್. ಇದು ಪಕ್ಕಾ ಪಾಸಿಟಿವ್ ಫೀಡ್‌ಬ್ಯಾಕ್: ಶುಗರ್ ಹತೋಟಿ ತಪ್ಪಿದರೆ ವಸಡಿನ ರೋಗ ಬಲಿಯುತ್ತೆ, ಆ ಉರಿಯೂತ ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗಿ ಶುಗರ್ ಇನ್ನೂ ಏರುತ್ತೆ. ವಸಡಿಗೆ ಚಿಕಿತ್ಸೆ ಕೊಟ್ಟರೆ ಶುಗರ್ ಸ್ವಲ್ಪ ಇಳಿಯೋದೂ ಉಂಟು. ಅಪ್ಪನ ಹಲ್ಲು ಅಲುಗಾಡ್ತಿದ್ರೆ ‘ವಯಸ್ಸಾಯ್ತು’ ಅಂತ ಬಿಡೋದು ಬೇಡ. ಈ ರಜೆಯಲ್ಲೇ ಡೆಂಟಿಸ್ಟ್ ಹತ್ತಿರ ಕರ್ಕೊಂಡು ಹೋಗೋಣ, ಶುಗರ್ ರಿಪೋರ್ಟೂ ಜೊತೆಗಿರಲಿ.