ಪದವಿಯ ಮೊದಲ ವರ್ಷ ಮತ್ತು ಕಾಲದ ಜಮಾಖರ್ಚು

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದು, ಕಾಲೇಜಿನ ಪ್ರವೇಶ ಮುಗಿದು, ರೈಲ್ವೆ ಪಾಸು ಕೈಗೆ ಸಿಕ್ಕಿದೊಡನೆ ಮನೆಮಂದಿಯೆಲ್ಲ ನೆಮ್ಮದಿಯ ಉಸಿರು ಬಿಡುವುದು ವಾಡಿಕೆ. ದೊಡ್ಡದೊಂದು ಹೊಳೆಯನ್ನು ದಾಟಿದಂತಾಯಿತು ಎಂಬ ಭಾವನೆ ಎಲ್ಲರಲ್ಲಿಯೂ ಇರುತ್ತದೆ. ವಾಸ್ತವವಾಗಿ ವಿದ್ಯಾರ್ಥಿಯು ಆಗತಾನೇ ನೀರಿಗೆ ಇಳಿದಿರುತ್ತಾನೆ. ಪದವಿಯ ಮೊದಲ ವರ್ಷದಲ್ಲಿ ಎಡವುವವರಲ್ಲಿ ಬುದ್ಧಿವಂತರೂ ಶ್ರಮಪಡುವವರೂ ಸಾಕಷ್ಟು ಮಂದಿ ಇದ್ದಾರೆ. ತಮ್ಮ ಕಾಲದ ಲೆಕ್ಕವನ್ನು ತಾವೇ ಇಡಬೇಕಾದ ಪ್ರಸಂಗ ಅವರಿಗೆ ಅದುವರೆಗೆ ಬಂದಿರುವುದಿಲ್ಲವೆಂಬುದೇ ಅವರ ಕೊರತೆ.

ಲೆಕ್ಕ ಕೇಳುವವರಿಲ್ಲದ ಸ್ವಾತಂತ್ರ್ಯ

ಶಾಲೆಯಲ್ಲಿ ಗಂಟೆ ಬಾರಿಸುತ್ತದೆ. ಮನೆಪಾಠ ಮಾಡದಿದ್ದರೆ ಶಿಕ್ಷಕರು ಕೇಳುತ್ತಾರೆ, ಪಾಲಕರಿಗೆ ಚೀಟಿ ಹೋಗುತ್ತದೆ. ಹನ್ನೆರಡನೆಯ ತರಗತಿಯಲ್ಲಂತೂ ಕೋಚಿಂಗ್ ಕ್ಲಾಸಿನವರು ವಾರಕ್ಕೊಂದು ಪರೀಕ್ಷೆ ನಡೆಸಿ ಬೆನ್ನು ಹತ್ತಿರುತ್ತಾರೆ. ಪದವಿ ಕಾಲೇಜಿನಲ್ಲಿ ಇವಾವುವೂ ಇಲ್ಲ. ಒಂದು ಉಪನ್ಯಾಸ ತಪ್ಪಿದರೆ ಆ ದಿನ ಏನೂ ಆಗುವುದಿಲ್ಲ. ಹತ್ತು ತಪ್ಪಿದರೂ ಆ ತಿಂಗಳು ಏನೂ ಆಗುವುದಿಲ್ಲ. ಸಾಲದ ಬಡ್ಡಿಯಂತೆ ಬಾಕಿಯು ಸದ್ದಿಲ್ಲದೆ ಬೆಳೆಯುತ್ತದೆ.

ಡೊಂಬಿವಲಿಯಿಂದ ಫೋರ್ಟ್ ಭಾಗದ ಕಾಲೇಜಿಗೆ ಹೋಗುವ, ಪ್ರಥಮ ವರ್ಷದ ಬಿ.ಕಾಂ. ವಿದ್ಯಾರ್ಥಿಯೊಬ್ಬನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವನ ತಂದೆ ಕುಂದಾಪುರದ ಕಡೆಯಿಂದ ಬಂದು, ಹೋಟೆಲೊಂದರ ಗಲ್ಲಾದಲ್ಲಿ ಕೂರುವವರು. ರಾತ್ರಿ ಎಷ್ಟು ಹೊತ್ತಾದರೂ ಅಂದಿನ ವ್ಯಾಪಾರದ ಹಣ ತಾಳೆಯಾಗದೆ ಅವರು ಮನೆಗೆ ಹೊರಡುವವರಲ್ಲ. ಮಗನು ಬೆಳಿಗ್ಗೆ ಮನೆ ಬಿಟ್ಟು ಸಂಜೆ ಸೋತು ಮರಳುತ್ತಾನೆ. ಪುಸ್ತಕ ತೆರೆಯುತ್ತಾನೆ, ಫೋನು ನೋಡುತ್ತಾನೆ, ಮತ್ತೆ ಪುಸ್ತಕ ತೆರೆಯುತ್ತಾನೆ. ಮೊದಲ ಆಂತರಿಕ ಪರೀಕ್ಷೆಯಲ್ಲಿ ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗುತ್ತಾನೆ. ತಾಯಿ ಕೇಳಿದರೆ, "ಎಲ್ಲ ಚೆನ್ನಾಗಿಯೇ ನಡೆದಿದೆ ಅಮ್ಮ" ಎನ್ನುತ್ತಾನೆ. ಅಂಕಗಳು ಕಡಿಮೆಯಾದುದಕ್ಕಿಂತ ಈ ಸುಳ್ಳು ಹೆಚ್ಚು ಚಿಂತಿಸಬೇಕಾದ ಸಂಗತಿ. ಒಮ್ಮೆ ಮರೆಮಾಚಿದ ಬಾಕಿಯನ್ನು ಮತ್ತೆ ಮತ್ತೆ ಮರೆಮಾಚಬೇಕಾಗುತ್ತದೆ; ಕೊನೆಗೆ ಎ.ಟಿ.ಕೆ.ಟಿ.ಯ ರೂಪದಲ್ಲಿ ಅದು ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ.

168 ಗಂಟೆಗಳ ಲೆಕ್ಕ

"ಓದಲು ಸಮಯವೇ ಸಿಗುವುದಿಲ್ಲ" ಎಂಬುದು ಇಂಥ ವಿದ್ಯಾರ್ಥಿಯ ಪ್ರಾಮಾಣಿಕವಾದ ನಂಬಿಕೆ. ಅದನ್ನು ಅಂಕೆಗಳಿಂದ ಪರೀಕ್ಷಿಸುವುದು ಒಳ್ಳೆಯದು. ವಾರಕ್ಕೆ 168 ಗಂಟೆಗಳು. ಬಡವನಿಗೂ ಬಲ್ಲಿದನಿಗೂ ಅಷ್ಟೇ. ಅವನ ವಾರದ ಖರ್ಚು ಸುಮಾರಾಗಿ ಹೀಗಿರುತ್ತದೆ:

ನಿದ್ರೆ, ದಿನಕ್ಕೆ 8 ಗಂಟೆ: 56
ಸ್ನಾನ, ಊಟ, ಮನೆಗೆಲಸ, ದಿನಕ್ಕೆ 3 ಗಂಟೆ: 21
ಉಪನ್ಯಾಸಗಳು, 6 ದಿನ, ದಿನಕ್ಕೆ 4 ಗಂಟೆ: 24
ರೈಲು ಪ್ರಯಾಣ, 6 ದಿನ, ದಿನಕ್ಕೆ 3 ಗಂಟೆ: 18
ಒಟ್ಟು ಖರ್ಚು: 119
ಉಳಿಕೆ: 49

ಉಳಿದ 49 ಗಂಟೆಗಳು ಎಲ್ಲಿ ಹೋದವು? ತಾಳೆಪಟ್ಟಿಯ ಎರಡು ಬದಿಗಳು ಸರಿಹೊಂದದಿದ್ದಾಗ ವ್ಯತ್ಯಾಸದ ಮೊತ್ತವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಗೆ, ಹಳೆಯ ಗುಮಾಸ್ತರ ಮಾತಿನಲ್ಲಿ ಅನಾಮತ್ತು ಖಾತೆಗೆ, ಹಾಕುವ ಪದ್ಧತಿಯಿದೆ. ತಪ್ಪು ಎಲ್ಲಿದೆಯೆಂದು ಹುಡುಕಿ ಆ ಖಾತೆಯನ್ನು ಆದಷ್ಟು ಬೇಗ ಮುಗಿಸಬೇಕು. ಬಹುಮಂದಿ ವಿದ್ಯಾರ್ಥಿಗಳ ಜೀವನದಲ್ಲಿ ಈ ಖಾತೆಯೇ ಎಲ್ಲಕ್ಕಿಂತ ದೊಡ್ಡದಾಗಿರುತ್ತದೆ.

ಆದುದರಿಂದ ವೇಳಾಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸುವ ಮೊದಲು ಒಂದು ವಾರದ ಕಾಲ ಇದ್ದದ್ದನ್ನು ಇದ್ದಂತೆ ಬರೆದಿಡುವುದು ಲೇಸು. ನೋಟುಪುಸ್ತಕದ ಕೊನೆಯ ಪುಟದಲ್ಲಿ ದಿನಕ್ಕೆ ಐದಾರು ಸಾಲು ಸಾಕು. ಮೊಬೈಲ್ ಫೋನು ತನ್ನ ಬಳಕೆಯ ಲೆಕ್ಕವನ್ನು ತಾನೇ ಇಟ್ಟಿರುತ್ತದೆ. ರಾತ್ರಿ ಅದನ್ನೊಮ್ಮೆ ಪಾಸ್‌ಬುಕ್ಕಿನಂತೆ ತೆರೆದು ನೋಡಬಹುದು. 49 ಗಂಟೆಗಳನ್ನೂ ಓದಿಗೇ ಕೊಡಬೇಕೆಂದು ಯಾರೂ ಹೇಳುವುದಿಲ್ಲ. ಅದರಲ್ಲಿ 21 ಗಂಟೆ, ಅಂದರೆ ದಿನಕ್ಕೆ 3 ಗಂಟೆ, ಅಭ್ಯಾಸಕ್ಕೆ ಮೀಸಲಾದರೆ ಉಳಿದ 28 ಗಂಟೆಗಳನ್ನು ಆಟಕ್ಕೆ, ಗೆಳೆಯರಿಗೆ, ಸಂಘದ ನಾಟಕಕ್ಕೆ ನಿಶ್ಚಿಂತೆಯಿಂದ ಕೊಡಬಹುದು.

ಮುಂದಿರುವ ಸಮಯವೆಷ್ಟೋ ಅಷ್ಟನ್ನೂ ತುಂಬುವಂತೆ ಕೆಲಸವು ಹಿಗ್ಗುತ್ತದೆಂದು ಪಾರ್ಕಿನ್‌ಸನ್ ಎಂಬ ಇಂಗ್ಲಿಷ್ ಲೇಖಕರು 1955ರಲ್ಲಿ ವಿನೋದವಾಗಿ ಬರೆದರು. ವಿನೋದದಲ್ಲಿಯೂ ಸತ್ಯವಿದೆ. "ಇಂದು ಅಕೌಂಟೆನ್ಸಿ ಓದುತ್ತೇನೆ" ಎಂದರೆ ಸಂಜೆಯೆಲ್ಲ ಕಳೆಯುತ್ತದೆ; "ಎಂಟರಿಂದ ಎಂಟು ಮುಕ್ಕಾಲರೊಳಗೆ ಸವಕಳಿಯ ಮೂರು ಲೆಕ್ಕ" ಎಂದರೆ ಕೆಲಸವು ಮುಗಿಯುತ್ತದೆ. ಮುಂಬಯಿಯ ಕನ್ನಡಿಗರಿಗೆ ಇದು ಹೊಸ ಮಾತಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಸಂಜೆ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತವರಿಗೆ ಇದ್ದದ್ದು ಎಣಿಕೆಯ ಗಂಟೆಗಳು. ಅಷ್ಟರಲ್ಲಿಯೇ ಓದಿ ಪದವೀಧರರಾದವರು ಈ ನಗರದಲ್ಲಿ ಅನೇಕರಿದ್ದಾರೆ.

ಓದಿದ್ದು ಉಳಿಯುವ ಬಗೆ

ಸಮಯವನ್ನು ಮೀಸಲಿಟ್ಟ ಮೇಲೆ ಅದನ್ನು ಬಳಸುವ ರೀತಿಯನ್ನೂ ಅರಿಯಬೇಕು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು, 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಸಾಗುತ್ತದೆಂಬುದು ಅವರು ಕಂಡುಕೊಂಡ ಸಂಗತಿ. ಬೆಳಗಿನ ಉಪನ್ಯಾಸದ ಟಿಪ್ಪಣಿಯನ್ನು ಅಂದೇ ಸಂಜೆ ಹತ್ತು ನಿಮಿಷ ನೋಡುವುದು, ಪರೀಕ್ಷೆಯ ಮುನ್ನಾದಿನ ಎರಡು ಗಂಟೆ ಹೆಣಗುವುದಕ್ಕಿಂತ ಏಕೆ ಲಾಭದಾಯಕವೆಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಪ್ರಯೋಗವು 2006ರಲ್ಲಿ ಪ್ರಕಟವಾಯಿತು. ಅಮೆರಿಕೆಯ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟರು. ಕೆಲವನ್ನು ಎರಡು ಬಾರಿ ಓದಿಸಿದರು. ಕೆಲವನ್ನು ಒಮ್ಮೆ ಓದಿಸಿ, ಬಳಿಕ ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆಯಿಸಿದರು. ಐದು ನಿಮಿಷಗಳ ನಂತರ ಕೇಳಿದಾಗ ಎರಡು ಬಾರಿ ಓದಿದವರೇ ಮುಂದಿದ್ದರು: ಶೇ. 81 ಮತ್ತು ಶೇ. 75. ಒಂದು ವಾರದ ನಂತರ ಫಲವು ತಿರುಗಿತು. ಎರಡು ಬಾರಿ ಓದಿದವರಲ್ಲಿ ಶೇ. 42 ಉಳಿದಿದ್ದರೆ, ಓದಿ ನೆನಪಿಸಿಕೊಂಡವರಲ್ಲಿ ಶೇ. 56 ಉಳಿದಿತ್ತು. ಮತ್ತೆ ಮತ್ತೆ ಓದುವುದರಿಂದ "ಗೊತ್ತಿದೆ" ಎಂಬ ಭ್ರಮೆ ಹುಟ್ಟುತ್ತದೆ. ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದರಿಂದ ತಿಳಿವಳಿಕೆಯು ಉಳಿಯುತ್ತದೆ.

ಟಿಪ್ಪಣಿ ಬರೆಯುವಾಗಲೇ ಇದಕ್ಕೆ ಅನುಕೂಲ ಮಾಡಿಕೊಳ್ಳಬಹುದು. ಹಾಳೆಯ ಎಡಗಡೆ ಅಗಲವಾದ ಅಂಚು ಬಿಟ್ಟು, ಬಲಗಡೆ ಉಪನ್ಯಾಸದ ಸಾರವನ್ನು ಬರೆಯುವುದು. ಸಂಜೆ ಎಡಗಡೆಯಲ್ಲಿ ಅದಕ್ಕೆ ಹೊಂದುವ ಪ್ರಶ್ನೆಗಳನ್ನು ಬರೆಯುವುದು. ಅನಂತರ ಬಲಭಾಗವನ್ನು ಮುಚ್ಚಿ ಉತ್ತರ ಹೇಳಿಕೊಳ್ಳುವುದು. ಮೂರು ದಿನ, ಒಂದು ವಾರ, ಒಂದು ತಿಂಗಳು, ಹೀಗೆ ಅಂತರವನ್ನು ಹೆಚ್ಚಿಸುತ್ತ ಪುನಃ ಕೇಳಿಕೊಳ್ಳಬೇಕು. ಲೆಕ್ಕಶಾಸ್ತ್ರದಲ್ಲಿ ಬಿಡಿಸಿದ ಲೆಕ್ಕವನ್ನು ಓದುವುದು ಅಭ್ಯಾಸವಲ್ಲ. ಉತ್ತರವನ್ನು ಮುಚ್ಚಿ ಸ್ವತಃ ಬಿಡಿಸುವುದೇ ಅಭ್ಯಾಸ.

ಈ ವಿಧಾನಕ್ಕೆ ಇನ್ನೊಂದು ಅನುಕೂಲವಿದೆ. ಬೆಳಗಿನ ಲೋಕಲ್ ಗಾಡಿಯಲ್ಲಿ ಪುಸ್ತಕ ತೆರೆಯಲು ಸ್ಥಳವಿರುವುದಿಲ್ಲ. ಒಂದು ಕೈ ಹಿಡಿಕೆಯ ಮೇಲೆ, ಇನ್ನೊಂದು ಕೈ ಚೀಲದ ಮೇಲೆ. ಆದರೆ ನಿನ್ನೆಯ ಪಾಠವನ್ನು ಮನಸ್ಸಿನಲ್ಲಿ ನೆನಪಿಸಿಕೊಳ್ಳಲು ಸ್ಥಳವೇನೂ ಬೇಕಿಲ್ಲ. ಡೊಂಬಿವಲಿಯಿಂದ ಠಾಣೆಯವರೆಗೆ ಒಂದು ಅಧ್ಯಾಯ, ಠಾಣೆಯಿಂದ ದಾದರಿನವರೆಗೆ ಇನ್ನೊಂದು. ವಾರದ 18 ಪ್ರಯಾಣದ ಗಂಟೆಗಳಲ್ಲಿ ಮೂರು ಗಂಟೆ ಹೀಗೆ ಉಳಿದರೂ ಅದು ಲಾಭವೇ.

ನಿದ್ರೆಯ ಠೇವಣಿ

ಓದಿನ ಬಾಕಿ ಬೆಳೆದಾಗ ವಿದ್ಯಾರ್ಥಿಯು ಮೊದಲು ಕೈಹಾಕುವುದು ನಿದ್ರೆಯ ಖಾತೆಗೆ. ಇದು ದುಬಾರಿ ಸಾಲ. ಆ ವಯಸ್ಸಿನವರಿಗೆ ದಿನಕ್ಕೆ 7ರಿಂದ 9 ಗಂಟೆಗಳ ನಿದ್ರೆ ಬೇಕು. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೂ ನಿದ್ರೆಯು ನೆರವಾಗುತ್ತದೆ. ಹತ್ತು ಗಂಟೆಯ ಮೇಲೆ ಚಹಾ ಕುಡಿದು ಎರಡರವರೆಗೆ ಎದ್ದಿದ್ದವನು ಮರುದಿನದ ಉಪನ್ಯಾಸದಲ್ಲಿ ತೂಕಡಿಸಿ, ಅದೇ ಪಾಠವನ್ನು ಮತ್ತೆ ರಾತ್ರಿ ಓದಬೇಕಾಗುತ್ತದೆ. ಮಲಗುವಾಗ ಫೋನನ್ನು ಕೈಗೆಟುಕದ ಕಡೆ ಇಡುವುದು ಸರಳವಾದ ಔಷಧ.

ಬಾಕಿ ಬಿದ್ದಿದ್ದರೆ

ಈಗಾಗಲೇ ಹಿಂದೆ ಬಿದ್ದವನು ಎಲ್ಲವನ್ನೂ ಒಂದೇ ವಾರದಲ್ಲಿ ತೀರಿಸಹೊರಟರೆ ಎರಡನೆಯ ಬಾರಿ ಸೋಲುತ್ತಾನೆ. ಇಂದಿನ ಪಾಠ ಇಂದೇ. ಹಳೆಯ ಬಾಕಿ ದಿನಕ್ಕೆ ಅರ್ಧ ಗಂಟೆಯ ಕಂತಿನಲ್ಲಿ. ತಿಳಿಯದುದನ್ನು ಪ್ರಾಧ್ಯಾಪಕರಲ್ಲಿ ಕೇಳಲು ಸಂಕೋಚಪಡಬಾರದು. ಮನಸ್ಸು ಸದಾ ಕುಗ್ಗಿದ್ದರೆ, ನಿದ್ರೆ ಊಟ ಸೇರದಿದ್ದರೆ, ವೈದ್ಯರಲ್ಲಿಗೆ ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಸಹಾಯವಾಣಿಯು 14416 ಸಂಖ್ಯೆಯಲ್ಲಿ ಉಚಿತವಾಗಿ ದೊರೆಯುತ್ತದೆ; ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದರ ಪ್ರಧಾನ ಕೇಂದ್ರವಾಗಿದೆ.

ಮನೆಯವರ ಪಾಲು

"ಓದಿದೆಯಾ?" ಎಂದು ಕೇಳಿದರೆ "ಹೂಂ" ಎಂಬ ಉತ್ತರ ಬರುತ್ತದೆ. "ಇಂದು ಏನು ಕಲಿತೆ, ನನಗೂ ಸ್ವಲ್ಪ ಹೇಳು" ಎಂದರೆ ಮಾತು ಬೆಳೆಯುತ್ತದೆ. ಇದಕ್ಕೆ ತಂದೆತಾಯಿಗಳು ಇಂಗ್ಲಿಷ್ ಕಲಿತಿರಬೇಕಾಗಿಲ್ಲ. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಮನೆಯಲ್ಲಿ ಕನ್ನಡದಲ್ಲಿ ಹೇಳಲು ಬಂದರೆ ಅದು ಅರ್ಥವಾಗಿದೆಯೆಂದೇ ಲೆಕ್ಕ. ಬಾರದಿದ್ದರೆ ಎಲ್ಲಿ ತಡೆಯಿತೆಂಬುದು ಅಲ್ಲಿಯೇ ಗೊತ್ತಾಗುತ್ತದೆ. ಡೆಪ್ರಿಸಿಯೇಷನ್ ಎಂಬ ಪದವು ಬಾಯಿಪಾಠವಾಗಿದ್ದವನಿಗೆ "ಸವಕಳಿ" ಎಂದೊಡನೆ ಅಡುಗೆಮನೆಯ ಹಳೆಯ ಗ್ರೈಂಡರು ಕಣ್ಣಿಗೆ ಬರುತ್ತದೆ.

ಡೊಂಬಿವಲಿಯ ಆ ಹುಡುಗನು ಒಂದು ರಾತ್ರಿ, ಹೋಟೆಲಿನಿಂದ ಮರಳಿ ಊಟಕ್ಕೆ ಕುಳಿತ ತಂದೆಗೆ ತಾಳೆಪಟ್ಟಿಯೆಂದರೇನೆಂದು ವಿವರಿಸಲು ಹೊರಟನೆನ್ನಿ. ಅವರಿಗೆ ಅದು ಬಲು ಬೇಗ ತಿಳಿದೀತು. ಜೀವನವೆಲ್ಲ ಅವರು ಮಾಡಿದ್ದು ಅದನ್ನೇ. ಮಗನಿಗೆ ತನ್ನ ಎರಡು ವಿಷಯಗಳ ಮಾತನ್ನು ಹೇಳಿಬಿಡಲು ಅದೇ ತಕ್ಕ ಗಳಿಗೆಯಾದೀತು. ಮುಂದಿನ ಪರೀಕ್ಷೆಯಲ್ಲಿ ಅವನು ಪ್ರಥಮನಾಗಲಾರನು, ಉತ್ತೀರ್ಣನಾದಾನು. ತಾಯಿಯ ಪ್ರಶ್ನೆಗೆ ನಿಜವಾದ ಉತ್ತರವನ್ನೇ ಕೊಟ್ಟಾನು. ದಿನದ ಕೊನೆಗೆ ಐದು ನಿಮಿಷ ಕುಳಿತು ಅಂದಿನ ಗಂಟೆಗಳನ್ನು ತಾಳೆನೋಡುವ ರೂಢಿಯೊಂದನ್ನು ಮೊದಲ ವರ್ಷದಲ್ಲಿ ಗಳಿಸಿದವನಿಗೆ, ಪದವಿಯ ಮುಂದಿನ ವರ್ಷಗಳಲ್ಲಿಯೂ ಆಮೇಲಿನ ಉದ್ಯೋಗದಲ್ಲಿಯೂ ಅದೇ ಆಧಾರವಾಗಿ ನಿಲ್ಲುತ್ತದೆ.